ಮ್ಯಾಕ್‌ಡೊವೆಲ್‌ನ ಕಲ್ಲಿದ್ದಲು ಯಾರದಾಗಿತ್ತು?

ಅಮೆರಿಕದ ಬಡತನ ನೋಡಲು ಹೊರಟ ಪತ್ರಕರ್ತರು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗಗಳಲ್ಲಿ ವೆಸ್ಟ್ ವರ್ಜೀನಿಯಾದ ದಕ್ಷಿಣ ತುದಿಯಲ್ಲಿರುವ ಮ್ಯಾಕ್‌ಡೊವೆಲ್ ಕೌಂಟಿಯೂ ಒಂದು. ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಿದ್ದಂತೆ. ಆದರೆ ಅಲ್ಲಿ ಮೇಲಿನಿಂದ ಬಂದ ಜಿಲ್ಲಾಧಿಕಾರಿ ಇರುವುದಿಲ್ಲ. ಆಡಳಿತ ಮಂಡಳಿ, ಶೆರಿಫ್, ಶಾಲಾ ಮಂಡಳಿ ಎಲ್ಲವನ್ನೂ ಜನರೇ ಆರಿಸುತ್ತಾರೆ, ಖರ್ಚಿನ ದೊಡ್ಡ ಪಾಲನ್ನು ಆಸ್ತಿ ತೆರಿಗೆಯಿಂದ ತಾವೇ ಹೊಂದಿಸಿಕೊಳ್ಳುತ್ತಾರೆ. 1950ರ ಜನಗಣತಿಯಲ್ಲಿ ಮ್ಯಾಕ್‌ಡೊವೆಲ್‌ನಲ್ಲಿ 98,887 ಜನರಿದ್ದರು. 2020ರಲ್ಲಿ ಉಳಿದವರು 19,111. ಈ ಎರಡನೆಯ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಅಮೆರಿಕದ ಜನಗಣತಿ ಕೈದಿಗಳನ್ನು ಜೈಲಿರುವ ಊರಿನವರೆಂದೇ ಎಣಿಸುತ್ತದೆ, ಮ್ಯಾಕ್‌ಡೊವೆಲ್‌ನಲ್ಲೋ ಫೆಡರಲ್ ಸರ್ಕಾರದ ದೊಡ್ಡ ಜೈಲೇ ಇದೆ. ಕಲ್ಲಿದ್ದಲಿಗೆ ಬೇಡಿಕೆ ಕುಸಿಯಿತು, ಊರು ಬರಿದಾಯಿತು ಎಂಬುದು ಎಲ್ಲರೂ ಕೊಡುವ ವಿವರಣೆ. ಅದು ಅರ್ಧ ನಿಜ. ಕಲ್ಲಿದ್ದಲು ಧಾರಾಳವಾಗಿ ಹೊರಬರುತ್ತಿದ್ದ ಕಾಲದಲ್ಲೇ ಅದರ ಹಣ ಆ ಕಣಿವೆಗಳಲ್ಲಿ ನಿಲ್ಲದಂಥ ವ್ಯವಸ್ಥೆ ಇತ್ತು ಎಂಬುದು ಉಳಿದರ್ಧ, ಮತ್ತು ಹೆಚ್ಚು ಮುಖ್ಯವಾದ ಅರ್ಧ.

ಜನ ಹೋದದ್ದು ಯಾವಾಗ ಎಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1960ರ ಹೊತ್ತಿಗೇ ಜನಸಂಖ್ಯೆ 71,359ಕ್ಕೆ ಇಳಿದಿತ್ತು. ಆಗ ಗಣಿಗಳು ಬರಿದಾಗಿರಲಿಲ್ಲ. ಆಗ 'ವಾರ್ ಆನ್ ಕೋಲ್' (ಕಲ್ಲಿದ್ದಲಿನ ಮೇಲೆ ಸಮರ) ಎಂದು ದೂರಲು ಪರಿಸರ ಕಾನೂನುಗಳೂ ಇರಲಿಲ್ಲ. ಆದದ್ದು ಬೇರೆ. ಗಣಿ ಕಾರ್ಮಿಕರ ಸಂಘದ ನಾಯಕ ಜಾನ್ ಎಲ್. ಲೂಯಿಸ್ 1950ರಲ್ಲಿ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡು, ಉಳಿಯುವ ಕಾರ್ಮಿಕರಿಗೆ ಒಳ್ಳೆಯ ಕೂಲಿ, ಪಿಂಚಣಿ, ಆಸ್ಪತ್ರೆ ಸಿಗುವುದಾದರೆ ಯಂತ್ರಗಳು ಬರಲಿ ಎಂದರು. ಯಂತ್ರಗಳು ಬಂದವು. 1940ರ ದಶಕದಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗಣಿ ಕಾರ್ಮಿಕರಿದ್ದರು. 1997ರಲ್ಲಿ ಅದೇ ರಾಜ್ಯ ಸುಮಾರು 18 ಕೋಟಿ ಟನ್ ಕಲ್ಲಿದ್ದಲು ತೆಗೆಯಿತು, ತೆಗೆದವರು 20 ಸಾವಿರಕ್ಕೂ ಕಡಿಮೆ. ಕಲ್ಲಿದ್ದಲು ಉಳಿಯಿತು, ಕೂಲಿ ಹೋಯಿತು. ಆ ಉದ್ಯಮದಿಂದ ಊರಿಗೆ ದಕ್ಕುತ್ತಿದ್ದದ್ದು ಬಹುಮಟ್ಟಿಗೆ ಕೂಲಿಯೊಂದೇ. 1980ರ ದಶಕದಲ್ಲಿ ಗ್ಯಾರಿ ಪಟ್ಟಣದ ಸುತ್ತಲಿನ ಗಣಿಗಳನ್ನು ಯು.ಎಸ್. ಸ್ಟೀಲ್ ಮುಚ್ಚಿದಾಗ, ಅಳಿದುಳಿದವರಲ್ಲೂ ಸುಮಾರು ಮೂರನೇ ಒಂದು ಭಾಗ ಜನ ಹತ್ತೇ ವರ್ಷದಲ್ಲಿ ಹೊರಟುಹೋದರು.

ಕೂಲಿ ಬಿಟ್ಟರೆ ಬೇರೇನೂ ಏಕೆ ದಕ್ಕಲಿಲ್ಲ? ಅಲ್ಲಿನ ಪೋಕಾಹಾಂಟಸ್ ಕಲ್ಲಿದ್ದಲು ಹೊಗೆ ಕಡಿಮೆ, ಕಾವು ಹೆಚ್ಚು. ನೌಕಾಪಡೆಯ ಹಡಗುಗಳಿಗೂ ಉಕ್ಕಿನ ಕುಲುಮೆಗಳಿಗೂ ಅದೇ ಬೇಕಿತ್ತು. ಇದನ್ನರಿತ ಫಿಲಡೆಲ್ಫಿಯಾದ ಬಂಡವಾಳಗಾರರು 19ನೇ ಶತಮಾನದ ಕೊನೆಯಲ್ಲೇ ಬೆಟ್ಟಬೆಟ್ಟಗಳನ್ನು ಕೊಂಡಿಟ್ಟುಕೊಂಡರು. ಆ ಭೂಮಿಯ ಬಹುಪಾಲು ಮುಂದೆ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಅಂಗಸಂಸ್ಥೆಗೆ ಸೇರಿತು. ಭೂಮಿ ಒಬ್ಬರದು, ಗಣಿಯ ಗುತ್ತಿಗೆ ಇನ್ನೊಬ್ಬರದು, ಕಾರ್ಮಿಕನ ಮನೆ, ಅಂಗಡಿ, ನಲ್ಲಿ ನೀರು ಎಲ್ಲವೂ ಕಂಪನಿಯದು. ಕಂಪನಿಯನ್ನು ಎದುರು ಹಾಕಿಕೊಂಡವರ ಗತಿ ಏನೆಂಬುದಕ್ಕೆ ಕೌಂಟಿಯ ಕೇಂದ್ರವಾದ ವೆಲ್ಚ್ ಪಟ್ಟಣದ ನ್ಯಾಯಾಲಯದ ಮೆಟ್ಟಿಲುಗಳೇ ಸಾಕ್ಷಿ. ಕಾರ್ಮಿಕರ ಪರ ನಿಂತಿದ್ದ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್‌ನನ್ನು ಗಣಿ ಮಾಲೀಕರ ಬಾಡಿಗೆ ಪತ್ತೇದಾರರು 1921ರ ಆಗಸ್ಟ್ 1ರಂದು ಹಾಡಹಗಲೇ ಅಲ್ಲಿ ಗುಂಡಿಟ್ಟು ಕೊಂದರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಕಂಪನಿಗಳು ಆಸ್ತಿ ತೆರಿಗೆ ಕಟ್ಟುತ್ತಿದ್ದವಲ್ಲ, ಆ ಹಣವನ್ನು ಕೌಂಟಿ ಏನು ಮಾಡಿತು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವೆಸ್ಟ್ ವರ್ಜೀನಿಯಾವೂ ಸೇರಿದ ಅಪಲೇಷಿಯಾ ಬೆಟ್ಟಸೀಮೆಯ ಆರು ರಾಜ್ಯಗಳ 80 ಕೌಂಟಿಗಳಲ್ಲಿ ಸ್ಥಳೀಯರು, ಸಂಶೋಧಕರು ಸೇರಿ ಭೂದಾಖಲೆಗಳನ್ನು ಜಾಲಾಡಿ 1980ರ ದಶಕದ ಆರಂಭದಲ್ಲಿ ಹೊರತಂದ ಅಧ್ಯಯನ ಇದಕ್ಕೆ ಉತ್ತರ ಹೇಳಿತು: ಭೂಮಿ, ಖನಿಜದ ಹಕ್ಕುಗಳ ದೊಡ್ಡ ಪಾಲು ಹೊರಗಿನವರ ಕೈಯಲ್ಲಿತ್ತು, ನೆಲದೊಳಗಿನ ಖನಿಜಕ್ಕೆ ಅವರು ಕಟ್ಟುತ್ತಿದ್ದ ತೆರಿಗೆ ತೀರ ಅಲ್ಪ. ಕಲ್ಲಿದ್ದಲು ತೆಗೆದಾಗ ಬೀಳುವ ತೆರಿಗೆಯಲ್ಲೂ ಹೆಚ್ಚಿನ ಪಾಲು ಹೋಗುತ್ತಿದ್ದದ್ದು ರಾಜಧಾನಿ ಚಾರ್ಲ್ಸ್‌ಟನ್‌ಗೆ. ಇತ್ತ ಐದರಲ್ಲಿ ನಾಲ್ಕು ಪಾಲು ಜನ ಹೋದರೂ ರಸ್ತೆಯ ಉದ್ದ ಕಡಿಮೆಯಾಗಲಿಲ್ಲ, ಕಂಪನಿಗಳು ಹೂತು ಬಿಟ್ಟುಹೋದ ನೀರಿನ ಕೊಳವೆಗಳ ತುಕ್ಕೂ ನಿಲ್ಲಲಿಲ್ಲ. ಒಂದು ಲಕ್ಷ ಜನರಿಗೆಂದು ಹರಡಿದ ಊರನ್ನು ಇಪ್ಪತ್ತು ಸಾವಿರ ಜನ ಸಾಕಬೇಕಾಗಿದೆ. ಶಾಲೆಗಳನ್ನೇ 2001ರಲ್ಲಿ ರಾಜ್ಯ ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಶಾಲಾ ಮಂಡಳಿಗೆ ಅಧಿಕಾರ ಮರಳಲು 2013ರವರೆಗೆ ಕಾಯಬೇಕಾಯಿತು.

ಸರ್ಕಾರದ ಅನ್ನ ತಿಂದು ಜನ ಸೋಮಾರಿಗಳಾದರು ಎಂಬುದು ಇನ್ನೊಂದು ವಾದ. ಇದಕ್ಕೆ ಮ್ಯಾಕ್‌ಡೊವೆಲ್ಲನ್ನೇ ತೋರಿಸುವುದು ಸುಲಭ, ಏಕೆಂದರೆ ಅಧ್ಯಕ್ಷ ಕೆನಡಿ ಕಾಲದ ಫುಡ್ ಸ್ಟ್ಯಾಂಪ್ (ಬಡವರಿಗೆ ಆಹಾರದ ಕೂಪನ್) ಯೋಜನೆಯ ಮೊದಲ ಕೂಪನ್‌ಗಳು 1961ರ ಮೇ 29ರಂದು ವಿತರಣೆಯಾದದ್ದು ವೆಲ್ಚ್‌ನಲ್ಲಿ. ಆದರೆ ಕೆಲಸ ಹೋದದ್ದು ಮೊದಲು, ಕೂಪನ್ ಬಂದದ್ದು ಆಮೇಲೆ. ದುಡಿಯುವ ಶಕ್ತಿಯುಳ್ಳ ಹತ್ತಾರು ಸಾವಿರ ಜನ ಕೂಪನ್ ನಂಬಿ ಕೂರದೆ ಗಂಟುಮೂಟೆ ಕಟ್ಟಿದರು. ನೆರವಿನ ಮೇಲೆ ನನ್ನ ತಕರಾರು ಬೇರೆ: ಅದು ಹಸಿದವರಿಗೆ ಊಟ ಕೊಟ್ಟಿತು, ಊರಿಗೆ ಆಸ್ತಿ ಕೊಡಲಿಲ್ಲ. ಕೂಪನ್ನಿನ ಹಣವೂ ಅಂಗಡಿಯ ಮೂಲಕ ಹೊರಗೇ ಹರಿಯಿತು. ಕೊನೆಗೆ ಅಂಗಡಿಯೂ ಉಳಿಯಲಿಲ್ಲ: ಕಿಂಬಲ್ ಪಟ್ಟಣದಲ್ಲಿ 2005ರಲ್ಲಿ ತೆರೆದ ವಾಲ್‌ಮಾರ್ಟ್ ಮಳಿಗೆಯನ್ನು ಕಂಪನಿ 2016ರ ಜನವರಿಯಲ್ಲಿ ಮುಚ್ಚಿತು. ಅದೇ ವರ್ಷದ ಚುನಾವಣೆಯಲ್ಲಿ, 2008ರಲ್ಲಿ ಒಬಾಮರನ್ನು ಗೆಲ್ಲಿಸಿದ್ದ ಈ ಕೌಂಟಿ ಮುಕ್ಕಾಲು ಪಾಲು ಮತವನ್ನು ಟ್ರಂಪ್‌ಗೆ ಕೊಟ್ಟಿತು. ಗಣಿ ಕೆಲಸ ಮರಳಿ ತರುತ್ತೇನೆ ಎಂದವರಿಗೆ ಓಟು ಹಾಕಿದ್ದನ್ನು ಅಜ್ಞಾನ ಎನ್ನುವವರಿದ್ದಾರೆ. ಆ ಬೆಟ್ಟ ಯಾರದು ಎಂಬ ಪ್ರಶ್ನೆಯನ್ನು ಎರಡೂ ಪಕ್ಷಗಳು ಎತ್ತದಿದ್ದಾಗ, ಬಾಯಲ್ಲಾದರೂ ಕೆಲಸದ ಮಾತಾಡುವವರ ಕಡೆ ವಾಲುವುದು ಅಷ್ಟೇನೂ ವಿಚಿತ್ರವಲ್ಲ.

ಬೆಟ್ಟ ಯಾರದು ಎಂಬ ಈ ಪ್ರಶ್ನೆ ಹಳೆಯ ದಾಖಲೆಗಳಲ್ಲಿ ಹೂತುಹೋಗಿಲ್ಲ. ಮ್ಯಾಕ್‌ಡೊವೆಲ್‌ನಲ್ಲಿ ಸಮತಟ್ಟು ಜಾಗವೆಂದರೆ ಹಳ್ಳದ ದಂಡೆ ಮಾತ್ರ, ಊರುಗಳೆಲ್ಲ ಇರುವುದು ಅಲ್ಲೇ. 2001ರಲ್ಲಿ ನೆರೆ ಬಂತು, 2002ರಲ್ಲಿ ಮತ್ತೆ ಬಂತು, 2025ರ ಫೆಬ್ರವರಿಯಲ್ಲಿ ಮನೆಗಳ ಜೊತೆ ಜೀವಗಳನ್ನೂ ಕೊಂಡೊಯ್ದಿತು. ಎತ್ತರಕ್ಕೆ ಹೋಗಿ ಮನೆ ಕಟ್ಟಿಕೊಳ್ಳಿ ಎಂದು ಹೇಳುವುದೇನೋ ಸುಲಭ. ಆ ಎತ್ತರದ ಜಾಗದಲ್ಲಿ ಬಹುಪಾಲು ಇಂದಿಗೂ ಕೌಂಟಿಯ ಹೊರಗಿನ ಭೂಮಾಲೀಕ ಕಂಪನಿಗಳ ಹೆಸರಿನಲ್ಲಿದೆ.