ಬೇಲಿಯೂ ದೊಣ್ಣೆಯೂ ಒಂದಲ್ಲ

ಸುಂಕದ ಮಾತು ಬಂದೊಡನೆ ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ. ಸುಂಕವೆಲ್ಲವೂ ಕೇಡು, ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕೆಂಬುದು ಒಂದು ವಾದ. ಸುಂಕ ಹೇರುವುದೇ ದೇಶಭಕ್ತಿ ಎಂಬುದು ಇನ್ನೊಂದು. ಮಲೆನಾಡಿನ ನಾವು ಇವೆರಡನ್ನೂ ಒಪ್ಪಬೇಕಾಗಿಲ್ಲ. ತೋಟಕ್ಕೆ ಕಟ್ಟುವ ಬೇಲಿ ಬೇರೆ, ನೆರೆಯವನ ಮೇಲೆ ಎತ್ತುವ ದೊಣ್ಣೆ ಬೇರೆ. ಬಲಾಢ್ಯ ರಾಷ್ಟ್ರಗಳು ನಡೆಸುತ್ತಿರುವ ಸುಂಕ ಸಮರವು ದೊಣ್ಣೆಯ ಜಾತಿಗೆ ಸೇರಿದ್ದು. ಅದಕ್ಕೆ ಸಮರ್ಥನೆಯಿಲ್ಲ.

2018ರ ಜುಲೈನಲ್ಲಿ ಅಮೆರಿಕವು ಚೀನಾದ 3,400 ಕೋಟಿ ಡಾಲರ್ ಮೌಲ್ಯದ ಸರಕುಗಳ ಮೇಲೆ ಶೇ. 25ರಷ್ಟು ಹೆಚ್ಚುವರಿ ಸುಂಕ ವಿಧಿಸಿತು. ತನ್ನ ಕಂಪನಿಗಳ ತಂತ್ರಜ್ಞಾನವನ್ನು ಚೀನಾ ಅನ್ಯಾಯದ ಮಾರ್ಗದಿಂದ ಪಡೆಯುತ್ತಿದೆ ಎಂಬುದು ಅದರ ದೂರು. ಆ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಚೀನಾ ಅದೇ ದಿನ ತಿರುಗಿ ಹೊಡೆದದ್ದು ತಂತ್ರಜ್ಞಾನದ ಒಡೆಯರಿಗಲ್ಲ, ಸೋಯಾ ಬೆಳೆಗಾರರಿಗೆ. ಅಮೆರಿಕದ ಸೋಯಾ ಮೇಲೂ ಶೇ. 25ರ ಹೆಚ್ಚುವರಿ ಸುಂಕ ಬಿತ್ತು. 2017ರಲ್ಲಿ ಸುಮಾರು 3.3 ಕೋಟಿ ಟನ್ ಅಮೆರಿಕದ ಸೋಯಾ ಕೊಂಡಿದ್ದ ಚೀನಾ, 2018ರಲ್ಲಿ ಕೊಂಡದ್ದು ಅದರ ಅರ್ಧದಷ್ಟು ಮಾತ್ರ.

ಸುಂಕ ಏರಿತೆಂದು ಚೀನಾದ ಹಂದಿ, ಕೋಳಿಗಳು ಮೇವು ಬಿಡಲಿಲ್ಲ. ಅದೇ ಅವಧಿಯಲ್ಲಿ ಬ್ರೆಜಿಲ್‌ನಿಂದ ಚೀನಾ ತರಿಸಿದ ಸೋಯಾ ಸುಮಾರು 5.1 ಕೋಟಿ ಟನ್ನಿನಿಂದ 6.6 ಕೋಟಿ ಟನ್ನಿಗೆ ಏರಿತು. ಬ್ರೆಜಿಲ್‌ನಲ್ಲಿ ಸೋಯಾ ವಿಸ್ತರಿಸುತ್ತಿರುವುದು ಬಹುಪಾಲು ಸೆರಾಡೊ ಪ್ರದೇಶದಲ್ಲಿ. ಹುಲ್ಲು, ಕುರುಚಲು ಮತ್ತು ಆಳಕ್ಕೆ ಬೇರಿಳಿಸುವ ಮರಗಳ ಆ ನಾಡು ನಮ್ಮ ಪಶ್ಚಿಮ ಘಟ್ಟದಂತೆಯೇ ನದಿಗಳ ತವರು. ಸಾವೋ ಫ್ರಾನ್ಸಿಸ್ಕೊ, ಟೊಕಾಂಟಿನ್ಸ್ ನದಿಗಳಿಗೆ ನೀರೂಡುವುದು ಅದೇ. ಅದರ ಸುಮಾರು ಅರ್ಧಭಾಗ ಈಗಾಗಲೇ ಹೊಲ, ಹುಲ್ಲುಗಾವಲುಗಳಾಗಿದೆ. ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂದು ವ್ಯಾಪಾರಿಗಳು 2006ರಲ್ಲಿ ಮಾಡಿಕೊಂಡ ಒಪ್ಪಂದ ಅಮೆಜಾನಿಗೆ ಮಾತ್ರ ಅನ್ವಯಿಸಿತ್ತು, ಸೆರಾಡೊಗೆ ಅಲ್ಲ. ಅಲ್ಲಿಯ ನಾಶಕ್ಕೆ ಸುಂಕ ಸಮರವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಉರಿಯುವ ಬೆಂಕಿಗೆ ಅದು ತುಪ್ಪ ಸುರಿಯಿತೆಂಬುದರಲ್ಲಿ ಸಂಶಯವಿಲ್ಲ.

ಇನ್ನು ನಷ್ಟ ಭರ್ತಿಯ ಕಥೆ. ಅಮೆರಿಕ ಸರ್ಕಾರ ತನ್ನ ರೈತರಿಗೆಂದು 2018ರಲ್ಲಿ 1,200 ಕೋಟಿ, 2019ರಲ್ಲಿ 1,600 ಕೋಟಿ ಡಾಲರ್‌ವರೆಗಿನ ನೆರವು ಘೋಷಿಸಿತು. ಫಸಲಿನ ಪ್ರಮಾಣ, ಬಿತ್ತಿದ ಎಕರೆಗಳ ಲೆಕ್ಕದಲ್ಲಿ ಹಂಚಿದ ಹಣ ಸಹಜವಾಗಿಯೇ ದೊಡ್ಡ ಹಿಡುವಳಿಗಳತ್ತ ಹೆಚ್ಚು ಹರಿಯಿತು. ಸೆರಾಡೊದ ಬತ್ತಿದ ತೊರೆಗೆ ಪರಿಹಾರ ಕೊಟ್ಟವರಾರು?

2025ರಲ್ಲಿ ಅದೇ ಆಟ ಮತ್ತೆ ನಡೆಯಿತು. ಏಪ್ರಿಲ್‌ನಲ್ಲಿ ಚೀನಾದ ಮೇಲಿನ ಅಮೆರಿಕದ ಹೊಸ ಸುಂಕ ಶೇ. 145ಕ್ಕೆ, ಚೀನಾದ ಪ್ರತಿಸುಂಕ ಶೇ. 125ಕ್ಕೆ ಏರಿ, ಮೇ ತಿಂಗಳಲ್ಲಿ ಇಳಿದವು. ಸೆಪ್ಟೆಂಬರ್‌ನಲ್ಲಿ ಚೀನಾ ಅಮೆರಿಕದಿಂದ ಒಂದು ಕಾಳು ಸೋಯಾ ಕೂಡ ತರಿಸಲಿಲ್ಲ. ಆಗಸ್ಟ್‌ನಲ್ಲಿ ಭಾರತದ ಸರದಿ ಬಂದಿತ್ತು: ರಷ್ಯಾದ ತೈಲ ಕೊಂಡ ನೆಪ ಮುಂದಿಟ್ಟು, ನಮ್ಮ ಅನೇಕ ಸರಕುಗಳ ಮೇಲಿನ ಸುಂಕವನ್ನು ಅಮೆರಿಕ ಶೇ. 50ಕ್ಕೆ ಏರಿಸಿತು. ತೈಲ ಕೊಂಡವರು ಯಾರೋ, ದಂಡ ತೆತ್ತವರು ಯಾರೋ! ಕೋಣಗಳ ಕಾದಾಟದಲ್ಲಿ ಗಿಡ ಬಡವಾಯಿತೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಹಾಗೆಂದು ಬೇಲಿಯನ್ನೇ ಕಿತ್ತೊಗೆಯಬೇಕೆ? ಕೂಡದು. ವಿಯೆಟ್ನಾಮಿನ ಕಾಳುಮೆಣಸು ಶ್ರೀಲಂಕಾದ ಹಾದಿಯಾಗಿ ಅಗ್ಗದಲ್ಲಿ ನುಗ್ಗಿದಾಗ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಬಸವಳಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರವು ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಅದು ಯಾರನ್ನೂ ಬಗ್ಗಿಸಲು ಹೂಡಿದ ಯುದ್ಧವಲ್ಲ. ಸರ್ಕಾರದ ಬೊಕ್ಕಸದ ಬೆಂಬಲವಿಲ್ಲದ ಸಣ್ಣ ಹಿಡುವಳಿದಾರನ ಆತ್ಮರಕ್ಷಣೆ. ಸಹಾಯಧನದ ಮೇಲೆ ನಿಂತ ದೈತ್ಯನೂ ಎರಡೆಕರೆಯ ರೈತನೂ ಸಮಾನ ಸ್ಪರ್ಧಿಗಳೆಂಬುದು ಮುಕ್ತ ಮಾರುಕಟ್ಟೆಯವರ ದೊಡ್ಡ ಸುಳ್ಳು.

ಆದ್ದರಿಂದ ಸುಂಕವೊಂದು ಬಂದಾಗಲೆಲ್ಲ ಮೂರು ಪ್ರಶ್ನೆ ಕೇಳೋಣ. ಇದು ಕಾಯುತ್ತಿರುವುದು ಯಾರನ್ನು? ಇದರ ದಂಡ ತೆರುವವರು ಯಾರು? ಇದು ಯಾವ ನೆಲದ ಮೇಲೆ ನೇಗಿಲು ಹೂಡಿಸುತ್ತದೆ? ಕೃಷಿ ರಾಜ್ಯಗಳ ವಿಷಯ, ಆದರೆ ವಿದೇಶೀ ವ್ಯಾಪಾರದ ಒಪ್ಪಂದಗಳಿಗೆ ರುಜು ಹಾಕುವುದು ದೆಹಲಿ. ಸಹಿಗೆ ಮುನ್ನ ಕರಡು ವಿಧಾನಮಂಡಲದ ಮುಂದೆ ಬರಲಿ, ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂದು ಒತ್ತಾಯಿಸುವುದು ನಮ್ಮ ಹಕ್ಕು. ವಿದ್ಯಾರ್ಥಿಗಳು ಈ ಲೆಕ್ಕಗಳನ್ನು ಓದಿ ಊರಿಗೆ ತಿಳಿಹೇಳಲಿ. ಊರು ಅದನ್ನು ತನ್ನ ಶಾಸಕ, ಸಂಸದರ ಮುಂದಿಡಲಿ.