ವಿದ್ಯಾರ್ಥಿಗಳ ಪ್ರವಾಸವೂ ನಮ್ಮ ದಾಸೋಹವೂ



ಪರೀಕ್ಷೆಗಳು ಮುಗಿದು ಕಾಲೇಜುಗಳಿಗೆ ರಜೆ ಬಂದಿತೆಂದರೆ ನಮ್ಮ ಮನೆಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ. ಎಲ್ಲಿಗಾದರೂ ನಾಲ್ಕು ದಿನ ಹೋಗಿ ಬರಬೇಕೆಂಬುದೇ ಆ ಮಾತು. ಏಳುವಷ್ಟೇ ಬೇಗನೆ ಅದು ಅಡಗಿಯೂ ಹೋಗುತ್ತದೆ. ಖರ್ಚಿನ ಲೆಕ್ಕ ಹಾಕಿ ತಂದೆ ಸುಮ್ಮನಾಗುತ್ತಾರೆ. ಹೊತ್ತು ಮುಳುಗಿದ ಮೇಲೆ ಮಕ್ಕಳು ಎಲ್ಲಿರುವರೆಂಬ ಚಿಂತೆಯಲ್ಲಿ ತಾಯಿ ಬೇಡವೆನ್ನುತ್ತಾರೆ. ಗಂಡುಮಕ್ಕಳು ಹೇಗೋ ಗೆಳೆಯರ ಗುಂಪು ಕಟ್ಟಿಕೊಂಡು ಗೋವೆಯ ದಾರಿ ಹಿಡಿಯುತ್ತಾರೆ. ಹೆಣ್ಣುಮಕ್ಕಳು ಮನೆಯಲ್ಲಿಯೇ ಉಳಿಯುತ್ತಾರೆ.

ಈ ವಿಚಾರವಾಗಿ ಹಿರೇಕೆರೂರು ತಾಲೂಕಿನ ರೈತ ಮನೆತನದ ವಿದ್ಯಾರ್ಥಿನಿಯೊಬ್ಬಳು ನಮಗೊಂದು ದೀರ್ಘ ಪತ್ರ ಬರೆದಿದ್ದಾಳೆ. ಬಿ.ಎ. ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವ ಆಕೆಗೂ ಆಕೆಯ ನಾಲ್ವರು ಗೆಳತಿಯರಿಗೂ ದೂರದ ಊರುಗಳ ಆಸೆಯಿಲ್ಲ. ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿ, ಸವಣೂರು ಈ ನಾಲ್ಕು ತಾಲೂಕುಗಳನ್ನು ಮೂರು ದಿನಗಳಲ್ಲಿ ನೋಡಿಬರಬೇಕೆಂಬುದಷ್ಟೇ ಅವರ ಬಯಕೆ. "ಪದವಿ ಮುಗಿದರೆ ಮದುವೆಯ ಮಾತು ಬರುತ್ತದೆ. ಹುಟ್ಟಿದ ಸೀಮೆಯನ್ನು ನಾವು ನೋಡುವುದು ಇನ್ನು ಯಾವಾಗ?" ಎಂದು ಆಕೆ ಕೇಳಿದ್ದಾಳೆ. ಹಗಲು ಹೋಗಿ ಸಂಜೆಗೆ ಬರುವುದಾದರೆ ತಂದೆಯವರ ಅಡ್ಡಿಯಿಲ್ಲವಂತೆ. ರಾತ್ರಿ ಎಲ್ಲಿ ಮಲಗುವಿರಿ ಎಂಬ ಅವರ ಒಂದು ಪ್ರಶ್ನೆಗೆ ಮಾತ್ರ ಈ ಮಗಳಲ್ಲಿ ಉತ್ತರವಿಲ್ಲ. ಆ ಪ್ರಶ್ನೆ ನಮ್ಮ ಸಮಾಜವನ್ನೇ ಕೇಳಿದ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ.

ಮೊದಲು ದಾರಿಯ ಖರ್ಚನ್ನು ನೋಡೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳು ರಾಜ್ಯದೊಳಗೆ ಸಾಮಾನ್ಯ ಹಾಗೂ ವೇಗದೂತ ಸರಕಾರಿ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡಬಹುದಾಗಿದೆ. ಗುರುತಿನ ಚೀಟಿಯೊಂದು ಕೈಯಲ್ಲಿದ್ದರಾಯಿತು. ಗಂಡುಮಕ್ಕಳಿಗೆ ಈ ಅನುಕೂಲವಿಲ್ಲ. ಅವರ ರಿಯಾಯಿತಿ ಪಾಸು ಮನೆಗೂ ಕಾಲೇಜಿಗೂ ನಡುವಣ ಹಾದಿಗೆ ಮಾತ್ರ ಸಲ್ಲುತ್ತದೆ. ಆದರೂ ಒಂದೇ ಜಿಲ್ಲೆಯೊಳಗಿನ ತಿರುಗಾಟಕ್ಕೆ ತಗಲುವ ಬಸ್ಸಿನ ಖರ್ಚು ಬಡವರ ಮಕ್ಕಳಿಗೂ ಹೊರೆಯಾಗುವಂಥದಲ್ಲ. ಹಾನಗಲ್ಲಿಗಾಗಲಿ ಹಿರೇಕೆರೂರಿಗಾಗಲಿ ರೈಲು ಮಾರ್ಗವಿಲ್ಲದ ಕಾರಣ ಬಸ್ಸೇ ನಮಗೆ ಆಧಾರ. ನೇರ ಬಸ್ಸು ದೊರೆಯದಿದ್ದರೆ ಹಾವೇರಿಯಲ್ಲಿ ಇಳಿದು ಬದಲಿಸಿಕೊಳ್ಳಬೇಕು.

ಊಟದ ಚಿಂತೆಯೂ ದೊಡ್ಡದಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಇವಿಷ್ಟನ್ನು ಬುತ್ತಿ ಕಟ್ಟಿಕೊಂಡರೆ ಮೂರು ದಿನ ಕೆಡುವುದಿಲ್ಲ. ಬಿಸಿ ಊಟ ಬೇಕೆನಿಸಿದ ಹೊತ್ತಿಗೆ ನಮ್ಮ ಕಡೆಯ ಊರುಗಳಲ್ಲಿ ಖಾನಾವಳಿಗಳಿವೆ. ಹೀಗೆ ದಾರಿಯೂ ಅನ್ನವೂ ಕೈಗೆಟುಕುವಂತಿರುವಾಗ ಉಳಿಯುವುದು ರಾತ್ರಿಯ ಮಾತೊಂದೇ.

ಅದನ್ನು ಚರ್ಚಿಸುವ ಮುನ್ನ, ಇಷ್ಟು ಸಮೀಪದಲ್ಲಿ ನೋಡುವಂಥದೇನಿದೆ ಎಂದು ಕೇಳುವ ಹಿರಿಯರಿಗೆ ಎರಡು ಮಾತು ಹೇಳಬೇಕಾಗಿದೆ. ಹಿರೇಕೆರೂರು ತಾಲೂಕಿನ ಅಬ್ಬಲೂರು ಶರಣರ ಚರಿತ್ರೆಯಲ್ಲಿ ಹೆಸರಾದ ಸ್ಥಳ. ಆಳಂದೆಯ ಏಕಾಂತದ ರಾಮಯ್ಯನವರು ಹುಲಿಗೆರೆಯ ಮಾರ್ಗವಾಗಿ ಅಲ್ಲಿಗೆ ಬಂದು ನೆಲೆಸಿದ ಸಂಗತಿಯನ್ನು ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನವೇ ಸಾರುತ್ತದೆ. ಸರ್ವಜ್ಞ ಕವಿಯ ಹೆಸರೂ ಆ ಊರಿನೊಡನೆ ಬೆಸೆದುಕೊಂಡಿದೆ. ಕುಮುದ್ವತಿ ನದಿಗೆ ಕಟ್ಟಿದ ಮದಗ ಮಾಸೂರಿನ ಕೆರೆಯ ಏರಿಯ ಮೇಲೆ ಒಂದು ಸಂಜೆ ಕುಳಿತು ಬಂದವರು ವಿಹಾರಕ್ಕೆ ಸಮುದ್ರ ತೀರವೇ ಬೇಕೆನ್ನುವುದಿಲ್ಲ.

ಅಲ್ಲಿಂದ ಹಾನಗಲ್ಲಿಗೆ ಬಂದರೆ ಚಾಲುಕ್ಯರ ಕಾಲದ ತಾರಕೇಶ್ವರ ದೇವಾಲಯವಿದೆ. ಅದರ ರಂಗಮಂಟಪದ ಮೇಲ್ಛಾವಣಿಯಲ್ಲಿ ಕಡೆದ ಕಮಲವನ್ನು ಕತ್ತೆತ್ತಿ ನೋಡದೆ ಮರಳುವವರಿಲ್ಲ. ಅದೇ ಊರಿನ ವಿರಕ್ತಮಠದ ಕುಮಾರ ಮಹಾಸ್ವಾಮಿಗಳು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಗೂ, 1909ರಲ್ಲಿ ಬಾದಾಮಿಯ ಬಳಿ ಶಿವಯೋಗ ಮಂದಿರಕ್ಕೂ ಕಾರಣಪುರುಷರಾದರೆಂಬುದನ್ನು ಓದುಗರು ಬಲ್ಲರು. ಹುಟ್ಟುಕುರುಡರಾಗಿದ್ದ ಗದಿಗೆಯ್ಯನೆಂಬ ಬಾಲಕನನ್ನು ಕರೆದುಕೊಂಡು ಸಂಗೀತ ವಿದ್ಯೆ ಕೊಡಿಸಿದವರೂ ಅವರೇ. ಆ ಬಾಲಕ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು. ಅವರ ಹುಟ್ಟೂರು ಕಾಡಶೆಟ್ಟಿಹಳ್ಳಿ ಹಾನಗಲ್ಲ ತಾಲೂಕಿನದೇ.

ಶಿಗ್ಗಾಂವಿ ತಾಲೂಕಿನಲ್ಲಿ ಕನಕದಾಸರು ಜನಿಸಿದ ಬಾಡ, ಶರೀಫ ಸಾಹೇಬರ ಶಿಶುನಾಳ, ನೃಪತುಂಗನ ದಂಡನಾಯಕ ಬಂಕೇಯನ ಹೆಸರು ಹೊತ್ತ ಬಂಕಾಪುರ ಇವೆ. ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ದೇವಾಲಯದ ಕಂಬಗಳ ನಡುವೆ ನಡೆದು ಹೊರಬಂದರೆ ನವಿಲುಗಳ ಕೂಗು ಕೇಳುತ್ತದೆ. ಗೋಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ, ಕಲಾವಿದ ಟಿ.ಬಿ. ಸೊಲಬಕ್ಕನವರು ಹಳ್ಳಿಯ ಬದುಕನ್ನೇ ಶಿಲ್ಪಗಳಲ್ಲಿ ನಿಲ್ಲಿಸಿದ ಉದ್ಯಾನವೂ ಇವೆ. ಆ ಉದ್ಯಾನಕ್ಕೆ ಪ್ರವೇಶ ದರವಿರುವುದರಿಂದ ಮೊದಲೇ ವಿಚಾರಿಸಿಕೊಂಡು ಹೋಗುವುದು ಲೇಸು.

ಸವಣೂರು ನವಾಬರಾಳಿದ ಊರು. ಜ್ಞಾನಪೀಠ ಪುರಸ್ಕೃತ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ ಊರು. ವೀಳ್ಯದೆಲೆಗೂ ಖಾರಕ್ಕೂ ಹೆಸರಾದ ಊರು. ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ಆಫ್ರಿಕಾ ಖಂಡದ ಮೂಲದ ಮೂರು ಮಹಾವೃಕ್ಷಗಳು ಬೆಳೆದಿವೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸಲಾಯಿತು. ಎಲ್ಲಿಯದೋ ನೆಲದಿಂದ ಬಂದ ಮರಕ್ಕೆ ಮಠದ ಅಂಗಳ ಇಷ್ಟು ಕಾಲ ಆಸರೆಯಾಯಿತು. ಪಕ್ಕದ ತಾಲೂಕಿನಿಂದ ಬಂದ ನಮ್ಮ ಮಕ್ಕಳಿಗೆ ಒಂದು ರಾತ್ರಿಯ ಆಸರೆ ಏಕೆ ಸಿಗಬಾರದು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಐವರು ಹೆಣ್ಣುಮಕ್ಕಳು ಲಾಡ್ಜಿನಲ್ಲಿ ಕೋಣೆ ಹಿಡಿಯುವುದು ಖರ್ಚಿನ ಮಾತೂ ಹೌದು, ತಂದೆತಾಯಂದಿರ ನೆಮ್ಮದಿಯ ಮಾತೂ ಹೌದು. ಆದರೆ ಪರಊರಿನ ವಿದ್ಯಾರ್ಥಿಗೆ ಎಡೆ ಕೊಡುವುದು ನಮ್ಮ ಸಮಾಜಕ್ಕೆ ಹೊಸ ಪಾಠವಲ್ಲ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬಿಟ್ಟುಹೋದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳ ಪ್ರಸಾದ ನಿಲಯ ಎಷ್ಟೋ ಬಡ ಹಳ್ಳಿಯ ಹುಡುಗರನ್ನು ಪದವೀಧರರನ್ನಾಗಿ ಮಾಡಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಮಹಾಸ್ವಾಮಿಗಳು ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟದ್ದನ್ನು ಕಣ್ಣಾರೆ ಕಂಡವರು ನಾವು. ವರ್ಷಗಟ್ಟಲೆ ಇರುವ ವಿದ್ಯಾರ್ಥಿಗೆ ಬಾಗಿಲು ತೆರೆದ ಸಮಾಜಕ್ಕೆ ಒಂದು ರಾತ್ರಿ ತಂಗುವ ವಿದ್ಯಾರ್ಥಿ ಭಾರವಾಗಲಾರದು.

ಇದಕ್ಕೆ ಹೊರನಾಡಿನ ನಿದರ್ಶನವೊಂದಿದೆ. ಶಿವಯೋಗ ಮಂದಿರ ಸ್ಥಾಪನೆಯಾದ 1909ನೆಯ ಇಸವಿಯಲ್ಲಿಯೇ ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಶಾಲಾ ಶಿಕ್ಷಕರು ತಮ್ಮ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದರು. ದಾರಿಯಲ್ಲಿ ಗುಡುಗು ಮಳೆ ಹಿಡಿದಾಗ ಹಳ್ಳಿಯ ಶಾಲೆಯೊಂದರಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಬರಿದಾಗಿರುವ ಶಾಲೆಗಳೆಲ್ಲ ಮಕ್ಕಳಿಗೆ ತಂಗುದಾಣವಾಗಬಾರದೇಕೆ ಎಂಬ ವಿಚಾರ ಆ ರಾತ್ರಿ ಅವರಿಗೆ ಹೊಳೆಯಿತು. ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ 1912ರಲ್ಲಿ ಅವರು ತೆರೆದ ವಸತಿಯಿಂದ ಯೂತ್ ಹಾಸ್ಟೆಲ್ ಚಳವಳಿ ಬೆಳೆದು ದೇಶದೇಶಗಳಿಗೆ ಹರಡಿತು. ಅವರು ಹೊಸ ಕಟ್ಟಡದಿಂದ ಆರಂಭಿಸಲಿಲ್ಲ. ಖಾಲಿ ಇದ್ದುದನ್ನು ಉಪಯೋಗಕ್ಕೆ ತಂದರು.

ನಮ್ಮಲ್ಲಿ ಖಾಲಿ ಇರುವ ಸ್ಥಳಗಳಿಗೆ ಕೊರತೆಯುಂಟೆ? ರಜೆ ಬಂದೊಡನೆ ಪ್ರಸಾದ ನಿಲಯಗಳ ಕೋಣೆಗಳು ಬರಿದಾಗುತ್ತವೆ. ಮುಹೂರ್ತವಿಲ್ಲದ ದಿನಗಳಲ್ಲಿ ಸಮುದಾಯದ ಕಲ್ಯಾಣ ಮಂಟಪಗಳಿಗೆ ಬೀಗ ಬಿದ್ದಿರುತ್ತದೆ. ಇವುಗಳಲ್ಲಿ ತಾಲೂಕಿಗೊಂದರಂತೆ ಎರಡು ಕೋಣೆಗಳನ್ನು, ಅದರಲ್ಲಿ ಒಂದನ್ನು ಹೆಣ್ಣುಮಕ್ಕಳಿಗಾಗಿಯೇ ಮೀಸಲಿಟ್ಟರೆ ಸಾಕು. ಜಮಖಾನೆ, ಕುಡಿಯುವ ನೀರು, ಶುಚಿಯಾದ ಶೌಚಾಲಯ, ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳಬಹುದಾದ ಅಗಳಿ ಇವಿಷ್ಟಿದ್ದರೆ ವಿದ್ಯಾರ್ಥಿಗಳು ಬೇರೇನನ್ನೂ ಕೇಳುವುದಿಲ್ಲ. ಹೆಣ್ಣುಮಕ್ಕಳು ತಂಗಿದ ರಾತ್ರಿ ಅಕ್ಕನ ಬಳಗದ ತಾಯಂದಿರೊಬ್ಬರು ಜೊತೆಗಿದ್ದರೆ ಮನೆಯವರ ಚಿಂತೆಯೂ ದೂರವಾಗುತ್ತದೆ. ಕಾಲೇಜಿನ ಪ್ರಾಚಾರ್ಯರ ಪತ್ರ, ತಂದೆತಾಯಂದಿರ ಒಪ್ಪಿಗೆ ಚೀಟಿ, ಗುರುತಿನ ಚೀಟಿಯ ಪ್ರತಿ ಇವನ್ನು ಮೊದಲೇ ತರಿಸಿಕೊಂಡು ವಹಿಯಲ್ಲಿ ಹೆಸರು ಬರೆಸಿಕೊಂಡರೆ ದುರುಪಯೋಗದ ಭಯಕ್ಕೂ ಎಡೆಯಿರುವುದಿಲ್ಲ.

ಪತ್ರದಲ್ಲಿ ಇನ್ನೊಂದು ಮಾತಿದೆ. ನಾಲ್ವರು ಗೆಳತಿಯರಲ್ಲಿ ಒಬ್ಬಳು ಮುಸಲ್ಮಾನರ ಮನೆಯವಳು, ಇನ್ನೊಬ್ಬಳು ಹಾಲುಮತದವಳು. "ನನಗೆ ಮಠದಲ್ಲಿ ಎಡೆ ದೊರೆತು ಅವರಿಗೆ ದೊರೆಯದಿದ್ದರೆ ನನಗೂ ಬೇಡ" ಎಂದು ಈ ಮಗಳು ಬರೆದಿದ್ದಾಳೆ. ಈ ವಾಕ್ಯವನ್ನು ಓದಿ ನಾವು ಸಂತೋಷಪಟ್ಟೆವು. ಬಂದವನನ್ನು ಯಾರವನೆಂದು ಕೇಳದೆ ನಮ್ಮವನೆನ್ನುವುದೇ ಬಸವಣ್ಣನವರು ತೋರಿದ ದಾರಿ. ಅವರು ನೋಡಹೊರಟಿರುವ ಶಿಶುನಾಳವೂ ಅದನ್ನೇ ಹೇಳುತ್ತದೆ. ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಶರೀಫರಿಗೆ ಗುರುವಾದವರು ಕಳಸದ ಗೋವಿಂದ ಭಟ್ಟರು. ಜಾತಿ ಕೇಳಿ ತೆರೆಯುವ ಬಾಗಿಲಿಗೆ ದಾಸೋಹದ ಹೆಸರು ಒಪ್ಪುವುದಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತನ್ನು ಹೇಳಲೇಬೇಕು. ದಾಸೋಹವೆಂದರೆ ಪುಕ್ಕಟೆ ವಸತಿಯಲ್ಲ. ಕಾಯಕವಿಲ್ಲದೆ ಪ್ರಸಾದವಿಲ್ಲವೆಂಬುದು ಶರಣರ ನಿಲುವು. ತಂಗಿದ ಕೋಣೆಯನ್ನು ಗುಡಿಸಿ ಒಪ್ಪಿಸುವುದು, ಉಂಡ ತಾಟನ್ನು ತೊಳೆದಿಡುವುದು, ಎಡೆಯಲ್ಲಿ ಅಗುಳು ಬಿಡದಿರುವುದು ಮೊದಲ ಧರ್ಮ. ಸಂಜೆ ಒಂದು ತಾಸು ಆ ಊರಿನ ಮಕ್ಕಳಿಗೆ ಗಣಿತವನ್ನೋ ಇಂಗ್ಲಿಷನ್ನೋ ಹೇಳಿಕೊಡಬಹುದು. ಅಲ್ಲಿಯ ಶಾಸನದ, ಜಾತ್ರೆಯ, ಹಿರಿಯರು ಹೇಳಿದ ಸಂಗತಿಗಳನ್ನು ಬರೆದು ಒಂದು ಪ್ರತಿಯನ್ನು ಮಠಕ್ಕೆ ಕೊಟ್ಟು ಹೋಗಬಹುದು. ಆಗ ಇಟ್ಟವರಿಗೂ ಉಂಡವರಿಗೂ ಗೌರವ ಉಳಿಯುತ್ತದೆ.

ಕೊನೆಯದಾಗಿ ತಂದೆತಾಯಂದಿರಲ್ಲಿ ನಮ್ಮ ಅರಿಕೆ. ಉಡುತಡಿಯಿಂದ ಹೊರಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿಯ ಕಥೆಯನ್ನು ನಾವು ಮನೆಮನೆಗಳಲ್ಲಿ ಭಕ್ತಿಯಿಂದ ಹೇಳುತ್ತೇವೆ. ಆ ಉಡುತಡಿ ಹಿರೇಕೆರೂರಿನ ನೆರೆಯ ಶಿಕಾರಿಪುರ ತಾಲೂಕಿನಲ್ಲಿದೆ. ಅಕ್ಕನಂತೆ ಒಬ್ಬಂಟಿಯಾಗಿ ಹೊರಡಿರೆಂದು ಹೆಣ್ಣುಮಕ್ಕಳಿಗೆ ಹೇಳುವಷ್ಟು ಧಾರ್ಷ್ಟ್ಯ ನಮಗಿಲ್ಲ. ಆದರೆ ಕಥೆಯನ್ನು ಮಾತ್ರ ಹೇಳಿ, ಅಕ್ಕ ನಡೆದ ಸೀಮೆಯನ್ನು ಮೂರು ದಿನ ನೋಡಿಬರಲೂ ಮಗಳನ್ನು ಬಿಡದಿರುವುದು ಎಷ್ಟು ಸರಿ ಎಂದು ವಿಚಾರ ಮಾಡಬೇಕು. ತಂದೆಯ ಭಯಕ್ಕೆ ಕಾರಣವಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆ ಭಯವನ್ನು ಹೋಗಲಾಡಿಸುವ ಹೊಣೆ ಮಗಳದಲ್ಲ, ಸಮಾಜದ್ದು.

ಈ ನಾಲ್ಕು ತಾಲೂಕುಗಳಲ್ಲಿ ವಿದ್ಯಾರ್ಥಿಗಳಿಗೆ ರಾತ್ರಿಯ ಎಡೆ ಕೊಡಲು ಮನಸ್ಸುಳ್ಳ ಪ್ರಸಾದ ನಿಲಯಗಳ, ಮಠಗಳ, ಮಂಟಪಗಳ ಆಡಳಿತದವರು ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಬೇಕು. ಬಂದ ವಿವರಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಪತ್ರ ಬರೆದ ಮಗಳ ರಜೆ ಮುಗಿಯುವುದರೊಳಗೆ ಎರಡು ಊರುಗಳಿಂದ ಉತ್ತರ ಬಂದರೂ ಆಕೆಯ ಮೂರು ದಿನಗಳ ಪ್ರವಾಸ ನೆರವೇರುತ್ತದೆ.