ಮಾರುವುದಿಲ್ಲ, ಬಾಡಿಗೆಗಿಲ್ಲ, ಕೆಡವುವುದಿಲ್ಲ

ಜಪಾನ್ ಎಂದರೆ ನಮ್ಮವರಿಗೆ ಬುಲೆಟ್ ಟ್ರೈನು, ಸುಮೊ, ನಿಮಿಷ ತಪ್ಪದ ವೇಳಾಪಟ್ಟಿ. ಈ ಅಕ್ಟೋಬರಿನ ಮೊದಲ ವಾರ ಕಂಪನಿ ಕೆಲಸಕ್ಕೆಂದು ಪುಣೆಯಿಂದ ನಾಗೋಯಾಕ್ಕೆ ಹೋಗಿದ್ದಾಗ ಒಂದು ಭಾನುವಾರ ಪೂರ್ತಿ ಕೈಗೆ ಸಿಕ್ಕಿತು. ಜೊತೆಗಿದ್ದವರು ಶಾಪಿಂಗಿಗೆ ಹೊರಟರು. ನಾನು ಕಿಸೊ ಕಣಿವೆಯ ಕಡೆಯ ರೈಲು ಹತ್ತಿದೆ. ನಕಾತ್ಸುಗಾವಾದಲ್ಲಿ ಇಳಿದು, ಬಸ್ಸಿನಲ್ಲಿ ಅರ್ಧ ಗಂಟೆ ಬೆಟ್ಟ ಹತ್ತಿದರೆ ಮಾಗೊಮೆ ಎಂಬ ಊರು. ಅಲ್ಲಿಂದ ಕಾಡುದಾರಿಯಲ್ಲಿ ಎಂಟು ಕಿಲೋಮೀಟರ್ ನಡೆದರೆ ತ್ಸುಮಾಗೊ.

ಎರಡೂ ಹಳೆಯ ಹೆದ್ದಾರಿಯ ತಂಗುದಾಣಗಳು. ಶೋಗುನರ ಕಾಲದಲ್ಲಿ ಎದೊದಿಂದ, ಅಂದರೆ ಇಂದಿನ ಟೋಕಿಯೊದಿಂದ, ಕ್ಯೋತೊಗೆ ಹೋಗಲು ಎರಡು ಮುಖ್ಯ ದಾರಿಗಳಿದ್ದವು. ಒಂದು ಕರಾವಳಿಯದು, ಇನ್ನೊಂದು ಬೆಟ್ಟಗಳ ನಡುವಿನ ನಕಾಸೆಂದೊ. ಸುಮಾರು 530 ಕಿಲೋಮೀಟರ್ ಉದ್ದದ ಈ ಎರಡನೆಯ ದಾರಿಯಲ್ಲಿ 69 ತಂಗುದಾಣಗಳು. ಅವುಗಳಲ್ಲಿ ತ್ಸುಮಾಗೊ 42ನೆಯದು, ಮಾಗೊಮೆ 43ನೆಯದು. ಸಾಮಂತರು ಪರಿವಾರ ಸಮೇತ ಬಂದು ಇಳಿಯುತ್ತಿದ್ದ ದೊಡ್ಡ ಮನೆಗೆ ಹೊಂಜಿನ್ ಎಂದು ಹೆಸರು.

ಮಾಗೊಮೆ ಕಡಿದಾದ ಏರಿನ ಊರು. ಕಲ್ಲು ಹಾಸಿದ ಒಂದೇ ಬೀದಿ, ಪಕ್ಕದಲ್ಲಿ ಕಾಲುವೆ, ತಿರುಗುವ ನೀರಿನ ಚಕ್ರ. 1895 ಮತ್ತು 1915ರಲ್ಲಿ ಬೆಂಕಿ ಬಿದ್ದಿದ್ದರಿಂದ ಇಲ್ಲಿ ನಿಜವಾಗಿ ಹಳೆಯದು ಕಡಿಮೆ. ಐಸ್‌ಕ್ರೀಮ್ ಅಂಗಡಿಗಳು ಸ್ವಲ್ಪ ಜಾಸ್ತಿಯೇ ಆದವು ಎನಿಸಿತು. ಆದರೆ ಗೊಹೇ ಮೋಚಿಗೆ ನನ್ನ ದೂರಿಲ್ಲ. ಅನ್ನ ಕುಟ್ಟಿ, ಕಡ್ಡಿಗೆ ಮೆತ್ತಿ, ಅಕ್ರೋಟದ ಸಿಹಿ-ಉಪ್ಪು ಗೊಜ್ಜು ಸವರಿ ಕೆಂಡದ ಮೇಲೆ ಸುಡುತ್ತಾರೆ. ಸೋಬಾ ಸಾರಿನಲ್ಲೂ ಮೀನು ಇರುವ ಈ ದೇಶದಲ್ಲಿ ನನ್ನಂಥ ಪುಳಿಚಾರಿಗೆ ಅದೇ ಮಧ್ಯಾಹ್ನದ ಊಟ.

ಮಾಗೊಮೆಯ ಹೊಂಜಿನ್‌ನಲ್ಲಿ 1872ರಲ್ಲಿ ಹುಟ್ಟಿದವನು ಕಾದಂಬರಿಕಾರ ಶಿಮಾಝಾಕಿ ತೋಸೊನ್. ಬಾಲ್ಯದಲ್ಲೇ ಓದಿಗೆಂದು ಟೋಕಿಯೊಗೆ ಹೋದ ಹುಡುಗ. ಅಂದರೆ ಅವನೂ ನಮ್ಮ ಜಾತಿಯವನೇ, ಊರು ಬಿಟ್ಟವನು! ಹುಟ್ಟಿದ ಮನೆ ಬೆಂಕಿಗೆ ಹೋಯಿತು. ಅವನು ವಯಸ್ಸಾದ ಮೇಲೆ ಬರೆದ ದೊಡ್ಡ ಕಾದಂಬರಿ ಆ ಊರಿನದೇ, ಅಪ್ಪನ ಬದುಕಿನದೇ ಕಥೆ. ಅವನ ತಾಯಿಯ ತವರು ತ್ಸುಮಾಗೊದ ಹೊಂಜಿನ್. ಆ ದಿನ ನಾನು ನಡೆದದ್ದು ಒಬ್ಬ ಹೆಣ್ಣುಮಗಳು ಗಂಡನ ಮನೆಯಿಂದ ತವರಿಗೆ ಹೋಗುತ್ತಿದ್ದ ದಾರಿ.

ದಾರಿಯುದ್ದಕ್ಕೂ ಅಲ್ಲಲ್ಲಿ ಗಂಟೆ ನೇತುಹಾಕಿದ್ದಾರೆ. ಕರಡಿ ಹತ್ತಿರ ಬಾರದಿರಲಿ ಎಂದು ಬಾರಿಸುತ್ತ ಹೋಗಬೇಕು. ಸುಮಾರು 800 ಮೀಟರ್ ಎತ್ತರದ ಘಟ್ಟದ ನೆತ್ತಿ ದಾಟಿದ ಮೇಲೆ ಇಳಿಜಾರು. ಅಲ್ಲೊಂದು ಹಳೆಯ ಮರದ ಮನೆಯಲ್ಲಿ ಊರವರೇ ಸರದಿಯ ಮೇಲೆ ಕೂತು ನಡೆಯುವವರಿಗೆ ಬಿಟ್ಟಿ ಚಹಾ ಕೊಡುತ್ತಾರೆ. ನಮ್ಮ ಕಡೆಯ ಅರವಟಿಗೆ ಅಂದುಕೊಳ್ಳಿ.

ತ್ಸುಮಾಗೊ ಬೇರೆಯೇ. ಹಗಲು ಬೀದಿಗೆ ವಾಹನವಿಲ್ಲ, ಕರೆಂಟು ತಂತಿ ಕಾಣುವುದಿಲ್ಲ. ಕಪ್ಪಿಟ್ಟ ಮರದ ಜಾಲರಿಗಳ ಹಿಂದೆ ಯಾರೋ ಈರುಳ್ಳಿ ಹೆಚ್ಚುವ ಸದ್ದು. ಹೀಗೆ ಉಳಿದದ್ದು ಹೇಗೆ? 1911ರಲ್ಲಿ ಕಣಿವೆಯ ರೈಲು ಮಾರ್ಗ ಪೂರ್ತಿಯಾಯಿತು, ಆದರೆ ನಿಲ್ದಾಣ ಊರಿಂದ ದೂರ. ಹೆದ್ದಾರಿಯ ವ್ಯಾಪಾರ ಸತ್ತಿತು, ಹುಡುಗರು ಪಟ್ಟಣ ಸೇರಿದರು, ಮನೆಗಳು ಜರಿಯತೊಡಗಿದವು. ಹೊಸದು ಕಟ್ಟಲು ದುಡ್ಡಿಲ್ಲದ್ದರಿಂದ ಹಳೆಯದು ಉಳಿಯಿತು ಎನ್ನುವುದೂ ಸುಳ್ಳಲ್ಲ. 1968ರಲ್ಲಿ ದುರಸ್ತಿ ಶುರುವಾಯಿತು. 1971ರಲ್ಲಿ ಊರವರೆಲ್ಲ ಸೇರಿ ಕಟ್ಟು ಹಾಕಿಕೊಂಡರು: ಮನೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಸರಕಾರದ ಸಂರಕ್ಷಣೆಯ ಪಟ್ಟಿಗೆ ಊರು ಸೇರಿದ್ದು ಆಮೇಲೆ, 1976ರಲ್ಲಿ.

ಹೊಂಜಿನ್‌ನ ಜೊತೆಮನೆ ಒಕುಯಾವನ್ನು ಒಳಹೊಕ್ಕು ನೋಡಬಹುದು. ಇಡೀ ಮನೆ ಹಿನೊಕಿ ಮರದ್ದು. ಶೋಗುನರ ಕಾಲದಲ್ಲಿ ಕಿಸೊ ಕಾಡಿನ ಹಿನೊಕಿ ಕಡಿದರೆ ಮರಕ್ಕೊಂದು ತಲೆ ಲೆಕ್ಕ. ಆ ಕಾನೂನು ಹೋದ ಮೇಲೆ 1877ರಲ್ಲಿ ಈ ಮನೆ ಎದ್ದಿತು. ನಡುಮನೆಯ ಒಲೆಗುಂಡಿಯ ಹೊಗೆ ಕುಡಿದು ತೊಲೆಗಳು ಮಿರಿಮಿರಿ ಕಪ್ಪಾಗಿವೆ.

ಆ ತೊಲೆ ನೋಡುತ್ತ ನಿಂತಾಗ ನನಗೆ ನೆನಪಾದದ್ದು ಸಾಗರದ ಹತ್ತಿರದ ನಮ್ಮ ಮನೆ. ಅಮ್ಮ ಹೋದ ಮೇಲೆ ಬೀಗ. ಬೆಂಗಳೂರಿನ ತಮ್ಮ ಒಬ್ಬ ಗಿರಾಕಿಯನ್ನು ಹಿಡಿದಿದ್ದಾನೆ. ಅವನಿಗೆ ಮನೆ ಬೇಡ, ಕಂಬ ಮತ್ತು ಬಾಗಿಲುವಾಡ ಬೇಕು, ಯಾವುದೋ ರೆಸಾರ್ಟಿಗೆ. "ಅಣ್ಣಾ, ಮಳೆಗಾಲಕ್ಕೆ ಹೆಂಚು ಕೈಯಾಡಿಸಲು ಆಳು ಸಿಗ್ತಿಲ್ಲ, ನೀನು ಬಂದು ಇರ್ತೀಯಾ?" ಎಂಬ ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಬೀದಿ ಕೊನೆಯಲ್ಲಿ ಮರದ ಬಾಚಣಿಗೆ ಮಾರುತ್ತಿದ್ದ ಅಜ್ಜಿಯನ್ನು, ಫೋನಿನ ಅನುವಾದ ನಂಬಿ, ಮಕ್ಕಳೆಲ್ಲಿ ಎಂದು ಕೇಳಿದೆ. ನಾಗೋಯಾದಲ್ಲಿ, ಎಂದರು. ಆಮೇಲೆ ಈ ಮನೆಯಲ್ಲಿ ಯಾರು ಇರುತ್ತಾರೆ? ಅಜ್ಜಿ ನಕ್ಕು ಬಾಚಣಿಗೆ ಒರೆಸಿದರು. ಮಾರುವುದಿಲ್ಲ ಎಂಬ ಕಟ್ಟು ಮನೆಯನ್ನು ಉಳಿಸುತ್ತದೆ. ಬಾಡಿಗೆಗೂ ಇಲ್ಲವೆಂದರೆ ಹೊಸಬರು ಬಂದು ಒಲೆ ಹಚ್ಚುವುದು ಹೇಗೆ? ತಮ್ಮ ಕೇಳಿದ ಪ್ರಶ್ನೆ ಆ ಊರಿಗೂ ಇದೆ. ವ್ಯತ್ಯಾಸವೆಂದರೆ ಅವರು ಒಟ್ಟಿಗೆ ಕೂತು ಮಾತಾಡಿದ್ದಾರೆ. ನಾವು ವಾಟ್ಸಾಪಿನಲ್ಲಿ ಮುಗಿಸಲು ಹೊರಟಿದ್ದೇವೆ.

ಸಂಜೆ ನಗಿಸೊ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತ ಮನೆಯ ಗ್ರೂಪಿಗೆ ಬರೆದೆ: ಗಿರಾಕಿಗೆ ಸ್ವಲ್ಪ ಕಾಯಲು ಹೇಳು, ದೀಪಾವಳಿಗೆ ಮೂವರೂ ಸಾಗರಕ್ಕೆ ಬಂದು, ಬಾಗಿಲು ತೆಗೆದು, ಜಗಲಿಯಲ್ಲಿ ಕೂತು ಮಾತಾಡೋಣ. ಹೈದರಾಬಾದಿನ ಅಕ್ಕ ಕೂಡಲೇ ಟಿಕೆಟ್ ನೋಡುತ್ತೇನೆ ಎಂದಳು. ತಮ್ಮ ಓದಿದ್ದಾನೆ, ನೀಲಿ ಗೆರೆ ಬಂದಿದೆ. ಉತ್ತರ ಇನ್ನೂ ಇಲ್ಲ.